ಕ್ಯಾಶ್‌ಲೆಸ್ ನಿಲ್ಲಿಸುವವರು ಮೊದಲೇ ಹೇಳಲಿ

ಮಾನ್ಯರೇ,

ನಮ್ಮ ಮನೆಯವರೆಲ್ಲ ಬಹಳ ವರ್ಷಗಳಿಂದ ತೋರಿಸಿಕೊಳ್ಳುವ ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಂ, ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ನಿಲ್ಲಿಸಿದೆ. ಅದು ತಿಳಿದದ್ದು ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಅಕ್ಕನನ್ನು ಕರೆದೊಯ್ದ ದಿನ. ಬಿಲ್ ಕೌಂಟರಿನ ಗಾಜಿಗೆ ಹಾಳೆ ಅಂಟಿಸಿದ್ದರು: ಪೂರ್ತಿ ಹಣ ಕಟ್ಟಿ, ಆಮೇಲೆ ಕ್ಲೇಮ್ ಮಾಡಿಕೊಳ್ಳಿ. ಅಕ್ಕ ರಾತ್ರಿಯಿಂದ ಹನಿ ನೀರೂ ಕುಡಿದಿರಲಿಲ್ಲ. ಭಾವ ಬಂಗಾರ ಅಡವಿಡಲು ಓಡಿದರು.

ಡಾಕ್ಟರರ ಮಾತಿನಲ್ಲೂ ಹುರುಳಿದೆ. ಒಂದೊಂದು ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರ ಏರುವುದಿಲ್ಲ, ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎದವರ ಕ್ವೆರಿ ಮುಗಿಯುವುದಿಲ್ಲ, ಮಂಜೂರಾದ ಮೊತ್ತದಲ್ಲೂ ಕಡಿತ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಬೇರೆ ಸಿಬ್ಬಂದಿ ಇರುತ್ತಾರೆ. ಹತ್ತು ಹಾಸಿಗೆಯವರು ಪೇಷಂಟ್ ನೋಡಬೇಕೋ, ಕಂಪನಿಯ ಇಮೇಲ್‌ಗೆ ಉತ್ತರ ಬರೆಯುತ್ತ ಕೂರಬೇಕೋ?

ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯಲ್ಲಿ ಉತ್ತರ, ಡಿಸ್ಚಾರ್ಜ್‌ಗೆ 3 ಗಂಟೆಯಲ್ಲಿ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಕಂಪನಿಗಳಿಗೆ ಗಡುವು ಹಾಕಿತು. ಸೌಲಭ್ಯವೇ ಇಲ್ಲದ ಕಡೆ ಆ ಗಡುವಿನಿಂದ ಏನು ಬಂತು? ಅದೇ ವರ್ಷದ ಜನವರಿಯಲ್ಲಿ, ಕಂಪನಿಯ ಒಪ್ಪಂದದ ಪಟ್ಟಿಯಲ್ಲಿ, ಅಂದರೆ ನೆಟ್‌ವರ್ಕಿನಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಸಿಗುತ್ತದೆಂದು ವಿಮಾ ಕಂಪನಿಗಳ ಒಕ್ಕೂಟವಾದ ಸಾಮಾನ್ಯ ವಿಮಾ ಮಂಡಳಿ ಸಾರಿತ್ತು. ಆದರೆ ಮೊದಲೇ ನಿಗದಿಯಾದ ಆಪರೇಷನ್ ಆದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿರಬೇಕು. ಕೌಂಟರಿನ ಮುಂದೆ ನಿಂತು ಹಾಳೆ ಓದುವವನಿಗೆ ಆ 48 ಗಂಟೆ ಕಳೆದೇ ಹೋಗಿರುತ್ತದೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಂತೆ ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಲೇಬೇಕು. ಯಾವ ಕಂಪನಿಯ ಕ್ಯಾಶ್‌ಲೆಸ್ ಇದೆ, ಯಾವುದು ಎಂದಿನಿಂದ ಇಲ್ಲ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳು ಸೂಚಿಸಲಿ. ಆಪರೇಷನ್‌ಗೆ ದಿನ ಕೊಡುವಾಗ ಬಾಯಿಮಾತಿನಲ್ಲೂ ಹೇಳಲಿ, ಅದಕ್ಕೇನೂ ಖರ್ಚಿಲ್ಲ. ಇನ್ನು ವಿಮಾ ಕಂಪನಿಗಳು! ಪ್ರೀಮಿಯಂ ಕಟ್ಟುವ ದಿನ ಬಂದರೆ ಬೆಳಿಗ್ಗೆ ಸಂಜೆ ಮೆಸೇಜ್ ಕಳಿಸುವವರಿಗೆ, ನಮ್ಮ ಊರಿನ ಆಸ್ಪತ್ರೆ ಪಟ್ಟಿಯಿಂದ ಹೊರಬಿದ್ದಾಗ ಒಂದು ಮೆಸೇಜ್ ಹಾಕಲು ಏನು ಕಷ್ಟ?

ಕ್ಯಾಶ್‌ಲೆಸ್ ಬಿಟ್ಟ ಡಾಕ್ಟರರು ಇಷ್ಟಾದರೂ ಮಾಡಲಿ: ಬಿಡಿಬಿಡಿ ಬಿಲ್, ರಸೀದಿ, ಔಷಧಿ ಚೀಟಿ, ಸ್ಕ್ಯಾನ್ ವರದಿ, ತಮ್ಮ ನೋಂದಣಿ ಸಂಖ್ಯೆ ಇರುವ ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಮನೆಗೆ ಕಳಿಸುವ ದಿನವೇ ಕೈಗೆ ಕೊಡಲಿ. ಬಿಟ್ಟುಹೋದ ಒಂದು ಸಹಿಗಾಗಿ ನವಲಗುಂದ, ಅಣ್ಣಿಗೇರಿಯಿಂದ ಮತ್ತೆ ಬಸ್ ಹತ್ತಿ ಬರುವವರಿದ್ದಾರೆ.

– ಒಬ್ಬ ಪಾಲಿಸಿದಾರ, ಕೇಶ್ವಾಪುರ, ಹುಬ್ಬಳ್ಳಿ