ಮುಂಭಾಗದ ಸ್ಟೆಬಿಲೈಸರ್ ಬಾರ್ ಬುಷ್ ಬದಲಿಸಲು ಇನ್ನು ಮೇಲೆ ಕಾರನ್ನು ದಿನವಿಡೀ ನಮ್ಮಲ್ಲಿ ಬಿಡಿ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಸಣ್ಣ ಕಾರುಗಳ ಮುಂದಿನ ಸ್ಟೆಬಿಲೈಸರ್ ಬಾರ್ ಬುಷ್ ಬದಲಿಸುವ ಕೆಲಸವನ್ನು ಇನ್ನು ಮೇಲೆ ನೀವು ಕಾಯುತ್ತ ಕೂತಿರುವಾಗ ಮಾಡಿಕೊಡುವುದಿಲ್ಲ. ಬೆಳಿಗ್ಗೆ ಕಾರು ಬಿಟ್ಟು, ಸಂಜೆ ತಗೊಂಡು ಹೋಗಿ. ಬೆರಳುದ್ದದ ರಬ್ಬರ್ ತುಂಡಿಗೆ ಇಡೀ ದಿನ ಯಾಕೆ ಅಂತ ಅನಿಸುತ್ತದೆ ಅಲ್ವಾ? ಹೇಳುತ್ತೇವೆ.

ಈ ಬಾರ್ ಎಡಚಕ್ರದಿಂದ ಬಲಚಕ್ರಕ್ಕೆ ಅಡ್ಡಲಾಗಿ ಹಾದುಹೋಗುವ ಸ್ಪ್ರಿಂಗ್ ಉಕ್ಕಿನ ಸರಳು. ತಿರುವಿನಲ್ಲಿ ಕಾರು ಒಂದು ಕಡೆ ಹೆಚ್ಚು ವಾಲದಂತೆ ತಡೆಯುವುದು ಇದರ ಕೆಲಸ. ಒಂದು ಚಕ್ರ ಮಾತ್ರ ಗುಂಡಿಗೆ ಇಳಿದರೆ ಸರಳು ತಿರುಚಿಕೊಳ್ಳುತ್ತದೆ. ಆಗ ಅದನ್ನು ಕಾರಿನ ಮುಂಭಾಗದ ಕೆಳಗಿನ ಚೌಕಟ್ಟಾದ ಸಬ್‌ಫ್ರೇಮ್‌ಗೆ ಬಿಗಿಯಾಗಿ ಹಿಡಿದುಕೊಳ್ಳುವುದು ಎರಡು ಬುಷ್‌ಗಳು. ರಬ್ಬರ್ ಸವೆದು ಅದರ ತೂತು ಮೊಟ್ಟೆಯಾಕಾರಕ್ಕೆ ಬಂತೋ, ಕೆಟ್ಟ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನಿಂದ ಟಕ್ ಟಕ್ ಅಂತ ಶುರುವಾಗುತ್ತದೆ.

ಬುಷ್ ಸಣ್ಣದೇ, ಆದರೆ ಕೈ ತಲುಪುವುದೇ ಕಷ್ಟ. ಹಲವು ಸಣ್ಣ ಕಾರುಗಳಲ್ಲಿ ಅದು ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಹಿಂದೆ, ಸಬ್‌ಫ್ರೇಮ್ ಮೇಲೆ ಕೂತಿರುತ್ತದೆ. ಅಂಥ ಕಡೆ ಸಬ್‌ಫ್ರೇಮನ್ನು ಸ್ವಲ್ಪ ಕೆಳಗಿಳಿಸಲೇಬೇಕು. ಇಳಿಸುವ ಮುಂಚೆ ಗುರುತು ಹಾಕಿಕೊಳ್ಳಬೇಕು, ಕೂರಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ನೋಡಬೇಕು. ಇಲ್ಲಿ ಆತುರ ಮಾಡಿದರೆ ಸ್ಟೀರಿಂಗ್ ಒಂದು ಕಡೆಗೆ ಎಳೆಯಬಹುದು.

ಅಳತೆಯ ವಿಷಯ ಇನ್ನೂ ಮುಖ್ಯ. ಒಂದೇ ಮಾಡೆಲ್‌ನಲ್ಲೂ ಬಾರ್ ದಪ್ಪ ಬೇರೆ ಬೇರೆ ಇರಬಹುದು. ಹಾಗಾಗಿ ಬುಷ್ ಕೂರುವ ಜಾಗದ ತುಕ್ಕು, ಮಣ್ಣು ಉಜ್ಜಿ ತೆಗೆದು, ವರ್ನಿಯರ್ ಎಂಬ ಅಳತೆ ಸಾಧನ ಹಿಡಿದು ಅಳೆದೇ ಬುಷ್ ತರಿಸುತ್ತೇವೆ. ತೂತು 1 ಮಿಲಿಮೀಟರ್ ದೊಡ್ಡದಾದರೂ ಸಾಕು, ಹೊಸ ಬುಷ್ ಹಾಕಿದ ದಿನವೇ ಸದ್ದು ಬರಬಹುದು. ಚಿಕ್ಕದಾದರೆ ಬುಷ್ ಅನ್ನು ಹಿಡಿದಿಡುವ ಬ್ರಾಕೆಟ್ ಸರಿಯಾಗಿ ಕೂರುವುದಿಲ್ಲ. ಆ ಜಾಗದಲ್ಲಿ ಬಾರ್ ತೋಡು ಬಿದ್ದಿದ್ದರೆ ಬುಷ್ ಹಾಕುವುದು ದಂಡ, ಹಾಗಂತ ನಿಮಗೆ ಫೋನ್ ಮಾಡಿ ಹೇಳುತ್ತೇವೆ. ಕೆಲವು ಕಾರುಗಳಲ್ಲಿ ಬುಷ್ ಬಾರ್‌ಗೇ ಅಂಟಿಕೊಂಡು ಬರುತ್ತದೆ, ಅಲ್ಲಿ ಬಾರ್ ಸಮೇತ ಬದಲಿಸಬೇಕು.

ಒಂದೇ ಕಡೆ ಹಾಕಿಕೊಡಿ ಅಂತ ದಯವಿಟ್ಟು ಕೇಳಬೇಡಿ. ಎರಡೂ ಒಟ್ಟಿಗೇ ಬದಲಾಗಬೇಕು. ಎರಡೂ ಚಕ್ರ ಒಂದೇ ಮಟ್ಟದಲ್ಲಿರುವಾಗಲೇ ಬ್ರಾಕೆಟ್ ಬೋಲ್ಟನ್ನು ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಬಿಗಿಯುತ್ತೇವೆ. ಒಂದೇ ಚಕ್ರ ಎತ್ತಿದರೆ ಬಾರ್ ತಿರುಚಿಕೊಂಡು ಬುಷ್ ಮೇಲೆ ಒತ್ತಡ ಹಾಕುತ್ತದೆ.

ಸುಮ್ನೆ ಸ್ವಲ್ಪ ಗ್ರೀಸ್ ಹಾಕಿ ಸದ್ದು ನಿಲ್ಲಿಸಿ ಅನ್ನುವವರಿಗೂ ಒಂದು ಮಾತು. ಪೆಟ್ರೋಲಿಯಂ ಗ್ರೀಸ್, ಎಂಜಿನ್ ಆಯಿಲ್ ಸಾಮಾನ್ಯವಾಗಿ ಈ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ನಾಲ್ಕು ದಿನ ಸದ್ದು ಅಡಗಬಹುದು, ಆಮೇಲೆ ಸವೆತ ಜಾಸ್ತಿಯೇ. ಅದನ್ನು ನಾವು ಮಾಡುವುದಿಲ್ಲ.

ಸದ್ದು ಬಾರ್‌ನದ್ದೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳುತ್ತೇವೆ. ಬಾರ್‌ನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕನ್ನು ಎರಡೂ ಕಡೆ ಬಿಚ್ಚಿ, ಆವರಣದೊಳಗೇ ನಿಧಾನಕ್ಕೆ ಓಡಿಸಿ ನೋಡುತ್ತೇವೆ. ಸದ್ದು ನಿಂತರೆ ದೋಷ ಲಿಂಕ್‌ನಲ್ಲೋ ಬುಷ್‌ನಲ್ಲೋ ಇದೆ. ನಿಲ್ಲದಿದ್ದರೆ ಸಸ್ಪೆನ್ಷನ್‌ನ ಬೇರೆ ಭಾಗಗಳಾದ ಸ್ಟ್ರಟ್ ಮೌಂಟ್, ಲೋವರ್ ಆರ್ಮ್ ಕಡೆ ನೋಡಬೇಕು. ಆಗ ನಿಮ್ಮ ಬುಷ್‌ಗೆ ಕೈ ಹಾಕುವುದಿಲ್ಲ, ಅದರ ದುಡ್ಡೂ ಕೇಳುವುದಿಲ್ಲ.

ತೆಗೆದ ಹಳೆ ಬುಷ್‌ಗಳನ್ನು ಸಂಜೆ ನಿಮ್ಮ ಕೈಗೇ ಕೊಡುತ್ತೇವೆ. ಕಾರು ಬಿಡುವಾಗ ಸದ್ದು ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಬರುತ್ತದೆ ಅಂತ ಹೇಳಿ. ಡಿಕ್ಕಿಯಲ್ಲಿರುವ ಸಾಮಾನನ್ನೂ ತೆಗೆದಿಟ್ಟು ಬನ್ನಿ.

ಇಂತಿ,
ನಿಮ್ಮ ಗ್ಯಾರೇಜ್ ಬಳಗ