ಪ್ರಾಗ್‌ನ ಗಡಿಯಾರ, ನಿಮ್ಮ ಅಪ್ಪಯ್ಯನ ಪಂಚಾಂಗ

ಪ್ರೀತಿಯ ಗೆಳೆಯ,

ನೀನು ಬರಲಿಲ್ಲವೆಂದು ಬೈಯೋಣ ಅಂತಲೇ ಬರೆಯಲು ಕೂತೆ. ಈಗ ಯೋಚಿಸಿದರೆ ನಮ್ಮ ಜೊತೆ ಬರಬೇಕಿದ್ದದ್ದು ನೀನಲ್ಲ ಮಾರಾಯ, ತೀರ್ಥಹಳ್ಳಿಯಲ್ಲಿರುವ ನಿಮ್ಮ ಅಪ್ಪಯ್ಯ.

ಮೇ ಮೊದಲ ವಾರ. ನಾವು ನಾಲ್ಕು ಜನ, ಬೆನ್ನಿಗೊಂದೊಂದು ಬ್ಯಾಗು, ಎರಡು ರಾತ್ರಿಗೆ ಹಾಸ್ಟೆಲಿನಲ್ಲಿ ನಾಲ್ಕು ಮಂಚ. ಜರ್ಮನಿಯ ಡ್ರೆಸ್ಡೆನ್‌ನಿಂದ ರೈಲು ಎಲ್ಬೆ ನದಿಯ ಪಕ್ಕದಲ್ಲೇ ಹೋಗುತ್ತದೆ. ಎರಡೂವರೆ ಗಂಟೆಯಲ್ಲಿ ಚೆಕ್ ದೇಶದ ಪ್ರಾಗ್.

ಶನಿವಾರ ಬೆಳಿಗ್ಗೆ ಮೊದಲ ಕೆಲಸವೇ ಎಡವಟ್ಟು. ಅಲ್ಲಿ ಯೂರೋ ಅಲ್ಲ, ಕೊರೂನಾ. 'ಕಮಿಷನ್ ಸೊನ್ನೆ' ಎಂದು ಬೋರ್ಡು ಹಾಕಿದ್ದ ಗೂಡಂಗಡಿಯಲ್ಲಿ ದುಡ್ಡು ಬದಲಾಯಿಸಿದೆವು. ಕಮಿಷನ್ ನಿಜಕ್ಕೂ ಸೊನ್ನೆ, ದರದಲ್ಲೇ ಬೋಳಿಸಿದ್ದರು. ಮೂರು ಗಂಟೆಯೊಳಗೆ ವಾಪಸ್ ಹೋಗಿ ರದ್ದು ಮಾಡಿಸುವ ಕಾನೂನು ಅಲ್ಲಿದೆಯಂತೆ. ನಮಗೆ ಗೊತ್ತಾಗಿದ್ದು ರಾತ್ರಿ. ದುಡ್ಡು ಕೊಟ್ಟಾಗ ಸಮಯ 10.45. ಇದನ್ನು ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತದೆ.

ಹಳೇ ಪೇಟೆಯ ಚೌಕದಲ್ಲಿ ಆ ಗಡಿಯಾರವಿದೆ. 1410ರದ್ದು, ಇನ್ನೂ ನಡೆಯುತ್ತಿದೆ. ಗಂಟೆಗೊಮ್ಮೆ ಜಾತ್ರೆಯಷ್ಟು ಜನ ಫೋನ್ ಎತ್ತಿ ನಿಲ್ಲುತ್ತಾರೆ. ಪಕ್ಕದಲ್ಲಿರುವ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಉಳಿದ ಮೂರು ಗೊಂಬೆಗಳು 'ಬರಲ್ಲ' ಅನ್ನುವಂತೆ ತಲೆ ಆಡಿಸುತ್ತವೆ. ಮೇಲಿನ ಕಿಟಕಿಗಳಲ್ಲಿ ಯೇಸುವಿನ ಹನ್ನೆರಡು ಶಿಷ್ಯರು ಮುಖ ತೋರಿಸಿ ಹೋಗುತ್ತಾರೆ. ಕೊನೆಗೆ ಒಂದು ಕೋಳಿ ಕೂಗುತ್ತದೆ. ಮುಗೀತು. 'ಇಷ್ಟೇನಾ?' ಅಂದರು ನಮ್ಮವರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅವರು ಬಿಯರ್ ಹುಡುಕಿಕೊಂಡು ಹೋದರು. ನಾನು ಸುಮ್ನೆ ಅಲ್ಲೇ ನಿಂತೆ. ಜನ ಕರಗಿದ ಮೇಲೆ ಗೊಂಬೆ ಬಿಟ್ಟು ಗಡಿಯಾರದ ಮುಖ ನೋಡಿದೆ. ಅದು ಗಡಿಯಾರವಲ್ಲ ಕಣೋ, ಗೋಡೆಗೆ ಹತ್ತಿಸಿದ ಪಂಚಾಂಗ! ಹನ್ನೆರಡು ರಾಶಿಯ ಬಳೆ ತಿರುಗುತ್ತದೆ, ಅದರ ಮೇಲೆ ಸೂರ್ಯ, ಚಂದ್ರ. ಚಂದ್ರನ ಗುಂಡು ಅರ್ಧ ಕಪ್ಪು, ಅರ್ಧ ಬೆಳ್ಳಿ. ಅದು ತನ್ನ ಸುತ್ತ ತಿರುಗುತ್ತಾ ಶುಕ್ಲಪಕ್ಷ, ಕೃಷ್ಣಪಕ್ಷ ತೋರಿಸುತ್ತದೆ. ಸೂರ್ಯ ವೃಷಭದಲ್ಲಿದ್ದ. ನಮ್ಮ ಪಂಚಾಂಗದಲ್ಲಿ ಆ ದಿನ ಇನ್ನೂ ಮೇಷ. ಅವರದ್ದು ಸಾಯನ, ಅಂದರೆ ಋತು ಹಿಡಿದು ರಾಶಿ ಎಣಿಸುವ ಲೆಕ್ಕ. ನಮ್ಮದು ನಿರಯಣ, ನಕ್ಷತ್ರ ಹಿಡಿದು ಎಣಿಸುವುದು. ಈ ಎರಡರ ನಡುವೆ ಈಗ ಸುಮಾರು 24 ಡಿಗ್ರಿ ಅಂತರ. ನಿಮ್ಮ ಅಪ್ಪಯ್ಯ ಇದ್ದಿದ್ದರೆ ಚೌಕದಲ್ಲೇ ಜಗಳ ಶುರುವಾಗುತ್ತಿತ್ತು.

ಹೊರಗಿನ ಬಳೆಯಲ್ಲಿ 24 ಅಂಕಿ. ಅದು ಹಳೇ ಬೊಹೀಮಿಯಾದ, ಅಂದರೆ ಪ್ರಾಗ್ ಸುತ್ತಲಿನ ಸೀಮೆಯ, ಗಂಟೆ. ಸೂರ್ಯ ಮುಳುಗಿದಾಗ ದಿನ ಮುಗಿದು, ಅಲ್ಲಿಂದ ಹೊಸ ಎಣಿಕೆ. ಮುಳುಗುವ ಹೊತ್ತು ದಿನಾ ಬದಲಾಗುವುದರಿಂದ ಆ ಬಳೆಯೂ ಸ್ವಲ್ಪ ಸ್ವಲ್ಪ ಜರುಗುತ್ತಿರುತ್ತದೆ. ಒಳಗಡೆ ಇನ್ನೊಂದು ಲೆಕ್ಕ. ಸೂರ್ಯ ಹುಟ್ಟಿ ಮುಳುಗುವವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದ್ದಾರೆ. ಹಗಲು ಹಿಗ್ಗಿದರೆ ಗಂಟೆಯೂ ಹಿಗ್ಗುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಹಗಲು ಹದಿನೈದು ಗಂಟೆ. ಅಂದರೆ ಒಂದು 'ಗಂಟೆ'ಗೆ 75 ನಿಮಿಷ.

ಆಗ ತಲೆಗೆ ಹೊಳೆಯಿತು. ರಾಹುಕಾಲವೂ ಹೀಗೇ ಅಲ್ವಾ? ಹಗಲಿನ ಎಂಟನೇ ಒಂದು ಪಾಲು. ನಮ್ಮೂರಲ್ಲಿ ಶನಿವಾರ 9ರಿಂದ 10.30. ಪ್ರಾಗ್‌ನಲ್ಲಿ ಸೂರ್ಯ ಐದೂವರೆಗೆಲ್ಲಾ ಹುಟ್ಟಿರುತ್ತಾನೆ. ಫೋನಿನಲ್ಲಿ ಲೆಕ್ಕ ಹಾಕಿದೆ. 9.15ರ ಹೊತ್ತಿಗೆ ಹಿಡಿದ ರಾಹು ಬಿಡುವುದು 11 ದಾಟಿದ ಮೇಲೆ! 10.45ಕ್ಕೆ ದುಡ್ಡು ಕೊಟ್ಟಿದ್ದೆವು ನೋಡು. ಇದನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ. ನಾನೂ ನಂಬುವುದಿಲ್ಲ ಬಿಡು, ಆದರೆ ಲೆಕ್ಕ ಎಷ್ಟು ಚೆನ್ನಾಗಿ ಕೂತಿತು!

ಆಮೇಲೆ ಎಲ್ಲಿ ಹೋದರೂ ನನಗೆ ಗಡಿಯಾರವೇ. ಯಹೂದಿಗಳ ಕೇರಿ ಯೋಸೆಫೊವ್‌ನಲ್ಲಿ ಒಂದು ಗಡಿಯಾರ ಹಿಂದಕ್ಕೆ ತಿರುಗುತ್ತದೆ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ಮುಳ್ಳುಗಳೂ ಅದೇ ದಾರಿ ಹಿಡಿದಿವೆ. ಭಾನುವಾರ ಅದರ ಫೋಟೋ ತೆಗೆದು ನಗುತ್ತಾ ಹೋದವರು ಹತ್ತಿರದ ಪಿಂಕಾಸ್ ಪ್ರಾರ್ಥನಾ ಮಂದಿರದಲ್ಲಿ ಸುಮ್ಮನಾದೆವು. ಗೋಡೆ ತುಂಬಾ ಹೆಸರುಗಳು, ಸುಮಾರು 80,000. ನಾಜಿಗಳು ಕೊಂದವರು. ಹೆಸರಿನ ಪಕ್ಕ ಹುಟ್ಟಿದ ದಿನವಿದೆ. ಸತ್ತ ದಿನ ಎಷ್ಟೋ ಜನರದ್ದು ಗೊತ್ತಿಲ್ಲ. ಅದರ ಬದಲು ಅವರು ಬದುಕಿದ್ದರೆಂದು ಕೊನೆಯದಾಗಿ ಗೊತ್ತಿರುವ ದಿನ ಬರೆದಿದ್ದಾರೆ. ಮಧ್ಯಾಹ್ನದವರೆಗೆ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಊಟ? ಕ್ನೆಡ್ಲಿಕಿ ಅಂತ ಒಂದು, ಹಿಟ್ಟಿನ ಕಡುಬನ್ನು ಹೋಳು ಮಾಡಿದ ಹಾಗೆ. ಸಾರಿಲ್ಲದೆ ಇಳಿಯಲ್ಲ. ಸಸ್ಯಾಹಾರಿ ಗೆಳೆಯ ಎರಡೂ ದಿನ ಕರಿದ ಚೀಸ್ ತಿಂದ.

ಅದೇ ಭಾನುವಾರ ಕತ್ತಲಿರುವಾಗಲೇ ಎದ್ದು ಒಬ್ಬನೇ ಚಾರ್ಲ್ಸ್ ಸೇತುವೆಗೆ ಹೋದೆ. ಹಗಲು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಗ ಮಾತ್ರ ನಾನು, ನದಿ, ಮೂವತ್ತು ಕಲ್ಲಿನ ಸಂತರು. ರಾಜ ನಾಲ್ಕನೇ ಚಾರ್ಲ್ಸ್ ಇದಕ್ಕೆ ಅಡಿಗಲ್ಲು ಹಾಕಿದ್ದು 1357ರಲ್ಲಿ, ಜುಲೈ 9ನೇ ತಾರೀಕು, ಬೆಳಿಗ್ಗೆ 5.31ಕ್ಕೆ ಎಂದು ಹೇಳುತ್ತಾರೆ. ಬರೆದು ನೋಡು: 1-3-5-7-9-7-5-3-1. ಹೇಗೆ ಓದಿದರೂ ಒಂದೇ. ನಿಮಿಷದವರೆಗೆ ಯಾರು ಬರೆದಿಟ್ಟರೋ, ಹೇಳುವವರು ಮಾತ್ರ ಖಚಿತವಾಗಿ ಹೇಳುತ್ತಾರೆ. ನಾನೂ 5.31ರವರೆಗೆ ಅಲ್ಲೇ ಚಳಿಯಲ್ಲಿ ನಿಂತಿದ್ದೆ. ಏನೂ ಆಗಲಿಲ್ಲ. ಒಬ್ಬ ಕಸ ಗುಡಿಸುತ್ತಾ ಬಂದ, ನನ್ನ ಕಾಲ ಹತ್ತಿರ ಪೊರಕೆ ನಿಲ್ಲಿಸಿ, ಸರಿ ಅಂತ ಕೈಸನ್ನೆ ಮಾಡಿದ.

ಒಂದು ಕೆಲಸ ಮಾಡು. ಮೊಳೆಗೆ ದಾರ ಕಟ್ಟಿ ನೇತುಹಾಕಿರುವ ಪಂಚಾಂಗದ ಕೆಳಗೆ ನಿಮ್ಮ ಅಪ್ಪಯ್ಯ ಕೂತಿರುವಾಗ ಆ ದಿನ, ಆ ಹೊತ್ತು ಹೇಳಿ, ಮುಹೂರ್ತ ಹೇಗಿತ್ತು ಅಂತ ಕೇಳು. ನದಿಯ ಸೇತುವೆಗೆ ಅಂತ ಮಾತ್ರ ಹೇಳು, ಎಲ್ಲಿಯ ನದಿ ಅನ್ನಬೇಡ.

ನಿನ್ನ,
ಬ್ಯಾಗು ಇನ್ನೂ ಬಿಚ್ಚದ ಗೆಳೆಯ