ಕೋರ್ ಎಷ್ಟು, ವ್ಯಾಟ್ ಎಷ್ಟು ಅಂತ ಬರೆದು ಮಾರಲಿ

ಮಾನ್ಯ ಸಂಪಾದಕರೇ,

ಲ್ಯಾಪ್‌ಟಾಪ್‌ಗಳಿಗೆ ಇನ್ನೂ ಜಾಸ್ತಿ ಕೋರ್ ಇರುವ ಪ್ರೊಸೆಸರ್ ಯಾವಾಗ ಬರುತ್ತದೆ ಎಂದು ನಿಮ್ಮ ಓದುಗರೊಬ್ಬರು ಕೇಳಿದ್ದರು. ಪ್ರೊಸೆಸರ್ ಅಂದರೆ ಲ್ಯಾಪ್‌ಟಾಪ್‌ನ ಲೆಕ್ಕವೆಲ್ಲ ಮಾಡುವ ಚಿಪ್, ಕೋರ್ ಅಂದರೆ ಅದರೊಳಗೆ ದುಡಿಯುವ ಒಂದೊಂದು ಘಟಕ. ನಾನು ರಾಯಚೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುವವನು. ಲ್ಯಾಪ್‌ಟಾಪೇ ನನ್ನ ಹೊಟ್ಟೆಪಾಡು. ಅವರಿಗೆ ನಾನು ಹೇಳುವುದಿಷ್ಟೆ: ಅಂಥವು ಬಂದು ವರ್ಷಗಳೇ ಆದವು. ಯಾವುದರಲ್ಲಿ ಎಷ್ಟಿದೆ ಎಂದು ಕೊಳ್ಳುವವರಿಗೆ ಸರಿಯಾಗಿ ಹೇಳುವವರಿಲ್ಲ.

2006ರಲ್ಲಿ ಇಂಟೆಲ್‌ನ ಕೋರ್ ಡ್ಯುಯೊ ಬಂದಾಗ ಲ್ಯಾಪ್‌ಟಾಪ್‌ನಲ್ಲಿ ಎರಡು ಕೋರ್ ಅಂದರೆ ದೊಡ್ಡ ಸುದ್ದಿ. ಆಮೇಲೆ ಹೆಚ್ಚಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳು ಬಹಳ ವರ್ಷ ಆ ಎರಡರಲ್ಲೇ ನಿಂತವು. 2017ರಲ್ಲಿ ಇಂಟೆಲ್‌ನ ಎಂಟನೇ ತಲೆಮಾರಿನ ಐ5 ಪ್ರೊಸೆಸರ್ ಜೊತೆ ನಾಲ್ಕಾದವು. 2020ರಲ್ಲಿ ಇನ್ನೊಂದು ಚಿಪ್ ಕಂಪನಿ ಎಎಮ್‌ಡಿಯ ರೈಜನ್ 4000 ಸರಣಿಯಲ್ಲಿ ಎಂಟು ಕೋರ್ ಬಂದವು. ಅದೇ ವರ್ಷ ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್‌ಗೆ ಎಂಟು ಕೋರ್‌ನ ಆಪಲ್‌ನದೇ ಎಂ1 ಚಿಪ್ ಬಂತು. 2023ರ ಇಂಟೆಲ್ ಐ9-13980ಎಚ್‌ಎಕ್ಸ್‌ನಲ್ಲಂತೂ 24 ಇವೆ.

ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಸಾಲ ಮಾಡಿ ಐ7 ಲ್ಯಾಪ್‌ಟಾಪ್ ತಂದ. ಐ5ಗಿಂತ ಐ7 ದೊಡ್ಡದು ಎಂದು ಅಂಗಡಿಯವರು ಹೇಳಿದ್ದರು. ಅವನದು ಐ7-1255ಯು, ನನ್ನದು ಐ5-12500ಎಚ್. ಅವನದರಲ್ಲಿ ಹತ್ತು ಕೋರ್ ಇದ್ದರೂ ಜೋರಾಗಿ ಓಡುವವು ಎರಡೇ, ಉಳಿದ ಎಂಟು ಕರೆಂಟ್ ಉಳಿಸುವ ಚಿಕ್ಕ ಕೋರ್‌ಗಳು. ನನ್ನದರಲ್ಲಿ ದೊಡ್ಡವೇ ನಾಲ್ಕು, ಚಿಕ್ಕವು ಎಂಟು. ಅವನದರ ಮೂಲ ವ್ಯಾಟ್, ಅಂದರೆ ಚಿಪ್ ಸತತವಾಗಿ ದುಡಿಯುವಾಗ ಬಳಸುವ ಕರೆಂಟಿನ ಲೆಕ್ಕ, 15, ನನ್ನದು 45. ಒಂದೇ ಮದುವೆಯ ಫೈಲ್ ಎಕ್ಸ್‌ಪೋರ್ಟ್‌ಗೆ, ಅಂದರೆ ಎಡಿಟ್ ಆದ ವಿಡಿಯೋ ಫೈಲ್ ಮಾಡಲು, ಹಾಕಿದರೆ ನನ್ನದೇ ಬೇಗ ಮುಗಿಸುತ್ತದೆ. ಹೆಸರಿನ ಕೊನೆಯ ಆ ಒಂದು ಅಕ್ಷರ, ಯು ಅಥವಾ ಎಚ್, ಎಷ್ಟು ಮುಖ್ಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಓಡಾಟ, ಬರವಣಿಗೆ, ಆನ್‌ಲೈನ್ ಕ್ಲಾಸಿಗೆ ಯು ಒಳ್ಳೆಯದೇ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ಆದರೆ ಅವನು ಕೊಂಡಿದ್ದು ವಿಡಿಯೋ ಕೆಲಸಕ್ಕೆ.

ಇನ್ನು ನಮ್ಮೂರ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮದುವೆ ಸೀಸನ್ನೂ ಅದೇ. ಫೈನಲ್ ಕಾಪಿಯನ್ನು ನಾನು ಸಾಫ್ಟ್‌ವೇರ್ ಎನ್‌ಕೋಡಿಂಗ್‌ನಲ್ಲೇ, ಅಂದರೆ ವಿಡಿಯೋ ಕುಗ್ಗಿಸುವ ಕೆಲಸವನ್ನು ಪ್ರೊಸೆಸರ್‌ನ ಕೋರ್‌ಗಳಿಂದಲೇ ಮಾಡಿಸಿ, ತೆಗೆಯುತ್ತೇನೆ, ಅದೇ ಸೈಜಿಗೆ ಕ್ವಾಲಿಟಿ ಚೆನ್ನಾಗಿ ಬರುತ್ತದೆ. ಆಗ ಎಲ್ಲಾ ಕೋರ್‌ಗಳೂ ಒಟ್ಟಿಗೆ ದುಡಿಯುತ್ತವೆ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಮೊದಲು ಸ್ಪೀಡ್ ಮೇಲೇರುತ್ತದೆ. ಫ್ಯಾನ್ ಕಿರುಚುತ್ತದೆ, ಕೀಬೋರ್ಡ್‌ನ ಮೇಲ್ಭಾಗ ಮುಟ್ಟಲಾಗದಷ್ಟು ಕಾಯುತ್ತದೆ. ಸ್ವಲ್ಪ ಹೊತ್ತಿಗೆ ಸ್ಪೀಡ್ ತಾನಾಗಿಯೇ ಇಳಿಯುತ್ತದೆ. ಚಿಪ್ ಸುಟ್ಟುಹೋಗದಿರಲಿ ಎಂದು ಮಾಡಿರುವ ವ್ಯವಸ್ಥೆ ಅದು, ಬೇಕೇ ಬೇಕು. ಆದರೆ ಶಾಖ ಹೊರಹಾಕುವ ಫ್ಯಾನು, ತಾಮ್ರದ ಪೈಪು ಚಿಕ್ಕವಿದ್ದರೆ ಎಷ್ಟು ಕೋರ್ ಇದ್ದೂ ಏನು ಬಂತು? ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ವೇಗ ಬೇರೆ ಬೇರೆ ಇರುವುದು ಇದಕ್ಕೇ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಓಡುವಾಗ ವೇಗ ಸಾಮಾನ್ಯವಾಗಿ ಇನ್ನೂ ಇಳಿಯುತ್ತದೆ.

ಕೋರ್ ಜಾಸ್ತಿಯಾದಷ್ಟೂ ಎಲ್ಲಾ ಕೆಲಸ ಬೇಗ ಆಗುತ್ತದೆ ಎನ್ನುವುದೂ ಸರಿಯಲ್ಲ. ಹತ್ತಿ ಬಿಡಿಸಲು ಹತ್ತು ಆಳು ಹೋದರೆ ಹೊಲ ಬೇಗ ಮುಗಿಯುತ್ತದೆ, ಆದರೆ ತುಂಬಿದ ಗಾಡಿ ಮಾರ್ಕೆಟ್ ಮುಟ್ಟಲು ಅಷ್ಟೇ ಹೊತ್ತು ಬೇಕಲ್ವಾ? ಎಕ್ಸ್‌ಪೋರ್ಟ್ ಹತ್ತಾರು ಕೋರ್‌ಗಳಿಗೆ ಹಂಚಿಹೋಗುತ್ತದೆ. ಒಂದರ ನಂತರ ಒಂದು ಆಗಲೇಬೇಕಾದ ಕೆಲಸಕ್ಕೆ ಬೇಕಿರುವುದು ಜೋರಾದ ಒಂದು ಕೋರ್.

ಹಾಗಾಗಿ ನನ್ನ ಮನವಿ ಇಷ್ಟೆ. ಅಂಗಡಿಯಲ್ಲಿ, ಜಾಹೀರಾತಿನಲ್ಲಿ ಸುಮ್ನೆ ಐ5, ಐ7 ಎಂದು ಹಾಕುವುದನ್ನು ಬಿಡಲಿ. ಪ್ರೊಸೆಸರ್‌ನ ಪೂರ್ತಿ ಹೆಸರು, ದೊಡ್ಡ ಕೋರ್ ಎಷ್ಟು, ಚಿಕ್ಕದು ಎಷ್ಟು, ಸತತವಾಗಿ ಎಷ್ಟು ವ್ಯಾಟ್‌ನಲ್ಲಿ ಓಡುತ್ತದೆ ಎಂದು ಬರೆಯಲಿ. ನಿಮ್ಮ ಪತ್ರಿಕೆಯೂ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಕಾಲೇಜು ಅಡ್ಮಿಷನ್ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು. ಬೆಳೆ ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ.

— ಮದುವೆ ವಿಡಿಯೋ ಎಡಿಟರ್, ರಾಯಚೂರು